ಪದ ಎಲ್ಲಾ ಗೊತ್ತು, ಆದರೂ ಉತ್ತರ ತಪ್ಪು

ಪ್ರಶ್ನೆ: ನಾನು ದಾವಣಗೆರೆಯವಳು. ಅಲ್ಲಿ ಹೈಸ್ಕೂಲಿನಲ್ಲಿ ಕೆಲವು ವರ್ಷ ಇಂಗ್ಲಿಷ್ ಕಲಿಸುತ್ತಿದ್ದೆ. ಈಗ ಯಜಮಾನರ ವ್ಯಾಪಾರದ ಸಲುವಾಗಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯಿವು ನಗರದಲ್ಲಿದ್ದೇವೆ. ಪಕ್ಕದ ಮನೆಯ ಹುಡುಗ ಸೀನಿಯರ್ ಹೈಸ್ಕೂಲಿನ ಎರಡನೇ ವರ್ಷದಲ್ಲಿ, ಎರಡನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದಾನೆ. ನನ್ನನ್ನು ‘ಆಯಿ’ ಎಂದು ಕರೆಯುತ್ತಾನೆ, ನಮ್ಮಲ್ಲಿ ಮಕ್ಕಳು ಆಂಟಿ ಅನ್ನುವ ಹಾಗೆ. ಭಾನುವಾರ ಅವನ ತಾಯಿ ನನಗೆ ಚೀನೀ ಮಾತು ಹೇಳಿಕೊಡುತ್ತಾರೆ, ನಾನು ಅವನಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ದುಡ್ಡಿನ ಮಾತಿಲ್ಲ. ಅವನ ತೊಂದರೆ ಇದು: ಇಂಗ್ಲಿಷ್ ಓದಿ ಉತ್ತರಿಸುವ ನಾಲ್ಕು ಗದ್ಯಭಾಗಗಳಿಗೆ ಒಟ್ಟು 37.5 ಅಂಕ. ಅವನಿಗೆ ಯಾವಾಗಲೂ 22.5 ಅಥವಾ 25. ಏಳು ವಾಕ್ಯಗಳಿಂದ ಐದನ್ನು ಆರಿಸುವ ಭಾಗದಲ್ಲಿ ಎರಡೋ ಮೂರೋ ಸರಿ. ಪದಗಳು ಕೇಳಿದರೆ ಪಟಪಟ ಹೇಳುತ್ತಾನೆ. ಅಭ್ಯಾಸ ಪತ್ರಿಕೆಗಳನ್ನು ರಾಶಿಗಟ್ಟಲೆ ಮಾಡಿದ್ದಾನೆ. ಅಂಕ ಮಾತ್ರ ಅಲ್ಲೇ ನಿಂತಿದೆ. ತಾಯಿ ಇನ್ನೊಂದು ಅಭ್ಯಾಸ ಪುಸ್ತಕ ತರಿಸಲೇ ಎಂದು ಕೇಳುತ್ತಿದ್ದಾರೆ. ಇಂಗ್ಲಿಷ್ ದಿನಪತ್ರಿಕೆ ಓದಿಸಿದರೆ ಹೇಗೆ ಎಂದು ನನಗನ್ನಿಸುತ್ತದೆ. ಇನ್ನೊಂದು ಸಣ್ಣ ಪ್ರಶ್ನೆ. ಅವನು ಚೀನೀ ಭಾಷೆಯಲ್ಲಿ ವಿವರಿಸಿದರೆ ಬಿಡಬೇಕೋ, ಇಂಗ್ಲಿಷ್‌ನಲ್ಲೇ ಹೇಳು ಎಂದು ಹಟ ಮಾಡಬೇಕೋ?

ಉತ್ತರ: ಮೊದಲು ತಾಯಿಯ ಪ್ರಶ್ನೆಗೆ. ಹೊಸ ಪುಸ್ತಕ ಬೇಡ. ಅವನು ಮಾಡಿ ಮುಗಿಸಿರುವ ರಾಶಿಯೇ ಸಾಕು, ಅದರಲ್ಲೂ ಮೂರು ಪತ್ರಿಕೆ ಇದ್ದರೆ ಆಯಿತು. ಥರ್ಮಾಮೀಟರನ್ನು ಪದೇ ಪದೇ ಬಾಯಿಗಿಟ್ಟರೆ ಜ್ವರ ಇಳಿಯುವುದಿಲ್ಲ. ಅಭ್ಯಾಸ ಪತ್ರಿಕೆ ಎಷ್ಟು ಬಂತು ಎಂದು ಹೇಳುತ್ತದೆ, ಯಾಕೆ ಬರಲಿಲ್ಲ ಎಂದು ಹೇಳುವುದಿಲ್ಲ. ಚೀನಾದ ಶಾಲೆಗಳಲ್ಲಿ ಈ ರಾಶಿ ಮಾಡುವುದಕ್ಕೆ ಕೊರತೆ ಇಲ್ಲ. ಮಾಡಿದ್ದನ್ನು ತಿರುಗಿ ನೋಡಲು ಬಿಡುವು ಸಿಗುವುದು ಕಡಿಮೆ. ನಿಮ್ಮ ಭಾನುವಾರದ ಹೊತ್ತು ಅದಕ್ಕೇ ಇರಲಿ.

ನೀವು ದಾವಣಗೆರೆಯಲ್ಲಿ ಕಲಿಸಿದವರು ಎಂಬುದರಿಂದ ಒಂದು ವ್ಯತ್ಯಾಸ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಎಸ್ಎಸ್ಎಲ್‌ಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಪಠ್ಯಪುಸ್ತಕದ ಪಾಠ, ಪದ್ಯಗಳಿಂದಲೇ ಬರುತ್ತವೆ. ಪಾಠ ಚೆನ್ನಾಗಿ ವಿವರಿಸಿ ಪ್ರಶ್ನೋತ್ತರ ಬರೆಸಿದರೆ ಅರ್ಧ ಕೆಲಸ ಮುಗಿಯಿತು. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವೊಕಾವೊದಲ್ಲಿ ಹಾಗಿಲ್ಲ. ಅಲ್ಲಿನ ಗದ್ಯಭಾಗ ಒಂದೂ ಪಠ್ಯದ್ದಲ್ಲ. ಹೊರಗಿನ ಇಂಗ್ಲಿಷ್ ಬರಹಗಳನ್ನು ಕತ್ತರಿಸಿ, ತಿದ್ದಿ ಕೊಟ್ಟಿರುತ್ತಾರೆ. ಆದ್ದರಿಂದ ನೀವು ಒಂದು ಗದ್ಯಭಾಗವನ್ನು ಎಷ್ಟೇ ಚೆನ್ನಾಗಿ ವಿವರಿಸಿದರೂ ಅದು ಮತ್ತೆ ಅವನ ಮುಂದೆ ಬರುವುದಿಲ್ಲ. ಅವನ ಕೈಯಲ್ಲಿ ಉಳಿಯಬೇಕಾದದ್ದು ಓದುವ ಕ್ರಮ.

ಪತ್ರಿಕೆಯ ಲೆಕ್ಕ ಹೀಗಿದೆ. ಇಂಗ್ಲಿಷ್‌ಗೆ ಒಟ್ಟು 150 ಅಂಕ, 120 ನಿಮಿಷ. ಕೇಳಿ ಉತ್ತರಿಸುವುದಕ್ಕೆ 30. ಓದುವಿಕೆಗೆ 50, ಅಂದರೆ ಮೂರನೇ ಒಂದು ಭಾಗ. ಖಾಲಿ ಜಾಗ ತುಂಬುವ ಎರಡು ಬಗೆಯ ಪ್ರಶ್ನೆಗಳಿಗೆ 15, 15. ಬರವಣಿಗೆಗೆ 40. ಓದುವಿಕೆಯ 50ರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗದ್ಯಭಾಗಗಳ 15 ಪ್ರಶ್ನೆಗೆ 37.5. ಉಳಿದ 12.5 ಆ ಏಳರಲ್ಲಿ ಐದು ಆರಿಸುವ ಭಾಗಕ್ಕೆ. ಪ್ರತಿ ಪ್ರಶ್ನೆಗೆ 2.5 ಅಂಕ. ಹುಡುಗ 15ರಲ್ಲಿ ಒಂಬತ್ತೋ ಹತ್ತೋ ಸರಿ ಮಾಡುತ್ತಿದ್ದಾನೆ ಎಂದಾಯಿತು. ಇನ್ನು ಮೂರು ಸರಿಯಾದರೆ 7.5 ಅಂಕ ಜಾಸ್ತಿ. ಅದು ಸಣ್ಣ ಮೊತ್ತವಲ್ಲ.

ಯಾವ ಐದಾರು ತಪ್ಪುತ್ತಿವೆ ಎಂದು ನೀವು ಬರೆದಿಲ್ಲ. ನನ್ನ ಊಹೆ ಸಿ ಮತ್ತು ಡಿ. ಎ ಸಾಮಾನ್ಯವಾಗಿ ಜಾಹೀರಾತು, ಪ್ರವಾಸದ ಮಾಹಿತಿ, ಶಿಬಿರದ ಪ್ರಕಟಣೆ ಈ ಥರದ್ದು. ಬೇಕಾದ ಸಾಲು ಹುಡುಕಿದರೆ ಉತ್ತರ ಸಿಕ್ಕಿತು. ಬಿ ಹೆಚ್ಚಾಗಿ ಒಬ್ಬರ ಅನುಭವ, ಕಥೆಯ ಹಾಗೆ ಸಾಗುತ್ತದೆ. ಸಿ, ಡಿ ಬಂದಾಗ ವಿಜ್ಞಾನದ ಸಂಶೋಧನೆ, ಹೊಸ ಪುಸ್ತಕದ ಪರಿಚಯ, ಒಂದು ವಾದ, ಅದಕ್ಕೆ ಎದುರು ವಾದ. ಸಾಲುಗಳು ಉದ್ದವಾಗುತ್ತವೆ. ಎರಡರಲ್ಲೂ ಸೇರಿ ಎಂಟು ಪ್ರಶ್ನೆ, 20 ಅಂಕ. ನಿಮ್ಮ ಹುಡುಗನದ್ದು ಹಾಗಲ್ಲದೆ ಎ ಭಾಗದಲ್ಲೇ ತಪ್ಪುತ್ತಿದ್ದರೆ ಅದು ಅವಸರದ ತಪ್ಪು. ಅದಕ್ಕೆ ಔಷಧ ಬೇರೆ. ಪ್ರಶ್ನೆಯನ್ನು ಮೊದಲು ಓದಿ ಆಮೇಲೆ ಪಟ್ಟಿ ನೋಡು ಎಂದು ಹೇಳಿದರೆ ಮುಗಿಯಿತು.

ಮೊದಲ ಭಾನುವಾರ ಮಾಡಬೇಕಾದ ಕೆಲಸ ಒಂದೇ. ಹಳೆಯ ಮೂರು ಪತ್ರಿಕೆ ತೆಗೆಸಿ. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಮತ್ತೆ ಮಾಡಿಸಿ. ಗಡಿಯಾರ ಬೇಡ. ಸರಿ ಉತ್ತರದ ಗುರುತು ಇದ್ದರೆ ಚೀಟಿ ಅಂಟಿಸಿ ಮುಚ್ಚಿ. ಮೊದಲ ಸುತ್ತಿನಲ್ಲಿ ನಿಘಂಟು ಕೊಡಬೇಡಿ. ಸುಮ್ನೆ ಹೊತ್ತು ಜಾಸ್ತಿ ಕೊಟ್ಟದ್ದಕ್ಕೇ ಸರಿಯಾದ ಉತ್ತರಗಳನ್ನು ಒಂದು ಕಡೆ ಬರೆಯಿರಿ. ಅವು ವೇಗದ ತೊಂದರೆ. ಉಳಿದವಕ್ಕೆ ನಿಘಂಟು ಕೊಡಿ. ಈಗ ಸರಿಯಾದವು ಪದದ ತೊಂದರೆ. ಹೊತ್ತೂ ಇದೆ, ನಿಘಂಟೂ ಇದೆ, ಆದರೂ ತಪ್ಪು ಎಂದಾದರೆ ಆ ಪ್ಯಾರಾ ಏನು ಹೇಳುತ್ತಿದೆ ಎಂದು ಬಾಯಲ್ಲಿ ಹೇಳಿಸಿ. ಹೇಳಲು ತಡವರಿಸಿದರೆ ವಾಕ್ಯ ಅರ್ಥವಾಗಿಲ್ಲ. ಪ್ಯಾರಾವನ್ನು ಸರಿಯಾಗಿಯೇ ಹೇಳಿ ಉತ್ತರ ಮಾತ್ರ ತಪ್ಪು ಆರಿಸಿದರೆ ಆಯ್ಕೆಗಳನ್ನು ತೂಗುವುದು ಬಂದಿಲ್ಲ.

ಪದ ಎಲ್ಲಾ ಗೊತ್ತು ಎನ್ನುವ ಚೀನೀ ಮಕ್ಕಳಲ್ಲಿ ತೊಂದರೆ ಹೆಚ್ಚಾಗಿ ವಾಕ್ಯದಲ್ಲಿ ಇರುತ್ತದೆ. ಇಲ್ಲಿ ಕನ್ನಡದವರಾದ ನಿಮಗೆ ಒಂದು ಅನುಕೂಲವಿದೆ.

ಈ ವಾಕ್ಯ ನೋಡಿ: ‘ದ ಫಾರ್ಮರ್ಸ್ ಹೂ ಹ್ಯಾಡ್ ರಿಫ್ಯೂಸ್ಡ್ ದ ನ್ಯೂ ಸೀಡ್ಸ್ ಲಾಸ್ಟ್ ಇಯರ್ ಆರ್ ನೌ ಆಸ್ಕಿಂಗ್ ಫಾರ್ ದೆಮ್.’ ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಕನ್ನಡದಲ್ಲಿ ಹೇಳಿದರೆ ‘ಹೋದ ವರ್ಷ ಹೊಸ ಬೀಜ ಬೇಡ ಎಂದಿದ್ದ ರೈತರು ಈಗ ಅದನ್ನೇ ಕೇಳುತ್ತಿದ್ದಾರೆ’. ರೈತರು ಎಂಥವರು ಎಂಬುದು ಕನ್ನಡದಲ್ಲಿ ‘ರೈತರು’ ಎನ್ನುವುದಕ್ಕಿಂತ ಮೊದಲೇ ಬಂತು. ಚೀನೀ ಭಾಷೆಯಲ್ಲೂ ಹಾಗೇ. ವಿವರ ಎಲ್ಲ ಮೊದಲು, ಆಮೇಲೆ ‘ದ’ ಎಂಬ ಚಿಕ್ಕ ಚೀನೀ ಕೊಂಡಿ (ಇಂಗ್ಲಿಷ್‌ನ ‘ದ’ ಅಲ್ಲ), ಆಮೇಲೆ ರೈತರು. ಇಂಗ್ಲಿಷ್ ಮಾತ್ರ ರೈತರನ್ನು ಮೊದಲು ನಿಲ್ಲಿಸಿ, ವಿವರವನ್ನು ಹಿಂದೆ ತಂದು, ಕ್ರಿಯಾಪದವನ್ನು ದೂರ ತಳ್ಳುತ್ತದೆ. ಹುಡುಗ ‘ರೈತರು, ಬೇಡ ಎಂದರು, ಬೀಜ’ ಎಂದು ಹಿಡಿದುಕೊಂಡು ಮುಂದೆ ಓಡುತ್ತಾನೆ. ರೈತರು ಈಗ ಬೀಜ ಕೇಳುತ್ತಿದ್ದಾರೆ ಎಂಬ ಮುಖ್ಯ ಮಾತೇ ಕೈತಪ್ಪುತ್ತದೆ. ಪ್ರಶ್ನೆ ಬರುವುದು ಅಲ್ಲೇ.

ಇಂಗ್ಲಿಷ್ ಮನೆಮಾತಾದ ಶಿಕ್ಷಕರಿಗೆ ಈ ತೊಡಕು ಒಳಗಿನಿಂದ ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ‘ನಿನ್ನೆ ಬಂದ ಹುಡುಗ’ ಎಂದು ಯೋಚಿಸುವ ತಲೆ ‘ದ ಬಾಯ್ ಹೂ ಕೇಮ್ ಯೆಸ್ಟರ್ಡೇ’ಗೆ ಹೊಂದಿಕೊಳ್ಳಲು ಎಷ್ಟು ಕಾಲ ಬೇಕು ಎಂದು ದಾವಣಗೆರೆಯ ಮಕ್ಕಳಲ್ಲಿ ನೋಡಿದ್ದೀರಿ ಅಲ್ವಾ? ಅದನ್ನೇ ಇಲ್ಲಿ ಬಳಸಿ. ಆದರೆ ಒಂದು ಎಚ್ಚರ. ವಾಕ್ಯದ ಮುಖ್ಯ ಕ್ರಮದಲ್ಲಿ ಚೀನೀ ಭಾಷೆ ಇಂಗ್ಲಿಷ್ ಪಕ್ಕ ನಿಲ್ಲುತ್ತದೆ, ಕನ್ನಡದ ಪಕ್ಕ ಅಲ್ಲ. ‘ನಾನು ತಿಂದೆ ಅನ್ನ’ ಎಂಬ ಕ್ರಮವೇ ಅವರದ್ದು. ಆದ್ದರಿಂದ ಸಣ್ಣ ವಾಕ್ಯ ಅವನಿಗೆ ನಮ್ಮ ಮಕ್ಕಳಿಗಿಂತ ಸುಲಭ. ಅದೇ ಅವನನ್ನು ಮೋಸಗೊಳಿಸುವುದೂ ಹೌದು. ಎಲ್ಲಾ ವಾಕ್ಯವೂ ಎಡದಿಂದ ಬಲಕ್ಕೆ ಹಾಗೇ ಸಾಗುತ್ತದೆ ಎಂದು ನಂಬಿಬಿಡುತ್ತಾನೆ.

ಎರಡನೇ ತೊಡಕು ಕ್ರಿಯಾಪದದ್ದು. ‘ದ ಬ್ರಿಡ್ಜ್ ಬಿಲ್ಟ್ ಬೈ ದ ವಿಲೇಜರ್ಸ್ ಫೆಲ್ ಇನ್ ದ ಫಸ್ಟ್ ರೇನ್.’ ಹಳ್ಳಿಯವರು ಕಟ್ಟಿದ ಸೇತುವೆ ಮೊದಲ ಮಳೆಗೇ ಕುಸಿಯಿತು. ಚೀನೀ ಭಾಷೆಯಲ್ಲಿ ಕ್ರಿಯಾಪದದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಕಟ್ಟು, ಕಟ್ಟಿದ, ಕಟ್ಟಿದರು ಎಂಬ ಭೇದ ಪದದೊಳಗೆ ಕಾಣುವುದಿಲ್ಲ. ಅಕ್ಕಪಕ್ಕದ ಪದಗಳಿಂದ ತಿಳಿಯಬೇಕು. ಹಾಗಾಗಿ ‘ಬಿಲ್ಟ್’ ಕಂಡ ಕೂಡಲೇ ಅದೇ ಮುಖ್ಯ ಕ್ರಿಯೆ ಎಂದು ಹುಡುಗ ನಿರ್ಧರಿಸುತ್ತಾನೆ. ಮುಂದೆ ‘ಫೆಲ್’ ಬಂದಾಗ ಗೊಂದಲ. ಬಹಳ ಮಕ್ಕಳು ಗೊಂದಲವಾದರೂ ನಿಲ್ಲುವುದಿಲ್ಲ. ಗೊತ್ತಿರುವ ಪದಗಳನ್ನು ಜೋಡಿಸಿ ತಾವೇ ಒಂದು ಕಥೆ ಮಾಡಿಕೊಳ್ಳುತ್ತಾರೆ. ಆ ಕಥೆ ಎಷ್ಟೋ ಸಲ ನಿಜಕ್ಕೆ ಹತ್ತಿರವೂ ಇರುತ್ತದೆ. ಅದಕ್ಕೇ 15ರಲ್ಲಿ ಹತ್ತು ಸರಿ ಬರುವುದು.

ಮೂರನೆಯದು ‘ಇಟ್’, ‘ದೇ’, ‘ದಿಸ್’, ‘ವಿಚ್’. ಮಾತನಾಡುವ ಚೀನೀಯಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ಉಚ್ಚಾರ, ‘ಥಾ’. ಬರೆಯುವಾಗ ಅಕ್ಷರ ಬೇರೆ. ಸಂದರ್ಭದಿಂದ ಗೊತ್ತಾಗುವ ಕಡೆ ಅದನ್ನು ಬಿಟ್ಟೇಬಿಡುವುದೂ ಉಂಟು. ಇಂಗ್ಲಿಷ್‌ನಲ್ಲಿ ಈ ಸಣ್ಣ ಪದಗಳನ್ನು ಹಿಂಬಾಲಿಸದೆ ಡಿ ಭಾಗ ದಾಟಲು ಆಗುವುದಿಲ್ಲ.

ಹಾಗಾದರೆ ಏನು ಮಾಡಿಸಬೇಕು? ದಿನಕ್ಕೆ ಐದು ವಾಕ್ಯ. ಹೊಸದು ಬೇಡ, ಅವನು ಈಗಾಗಲೇ ಮಾಡಿದ ಸಿ, ಡಿ ಭಾಗಗಳಿಂದ ಉದ್ದದ ವಾಕ್ಯಗಳನ್ನು ನೀವೇ ಭಾನುವಾರ ಗುರುತು ಮಾಡಿ ಕೊಡಿ. ಪ್ರತಿ ವಾಕ್ಯದಲ್ಲಿ ಮುಖ್ಯ ಕ್ರಿಯಾಪದದ ಕೆಳಗೆ ಗೆರೆ ಎಳೆಯಲಿ. ಅದನ್ನು ಮಾಡಿದ್ದು ಯಾರು, ಅದಕ್ಕೆ ಸುತ್ತು ಹಾಕಲಿ. ವಿವರದ ಭಾಗವನ್ನು ಆವರಣದೊಳಗೆ ಹಾಕಲಿ. ಆಮೇಲೆ ಆವರಣ ಬಿಟ್ಟು ಓದಲಿ: ‘ದ ಫಾರ್ಮರ್ಸ್ ಆರ್ ನೌ ಆಸ್ಕಿಂಗ್ ಫಾರ್ ದೆಮ್.’ ಈಗ ‘ದೆಮ್ ಅಂದ್ರೆ ಯಾವುದು’ ಎಂದು ಕೇಳಿ. ಬೀಜ ಎನ್ನಲು ಅವನು ಆವರಣದೊಳಗೆ ಮತ್ತೆ ಇಣುಕಲೇಬೇಕು. ಕೊನೆಗೆ ಇಡೀ ವಾಕ್ಯವನ್ನು ಅರ್ಥದ ತುಂಡುಗಳಾಗಿ ನಿಲ್ಲಿಸಿ ನಿಲ್ಲಿಸಿ ಜೋರಾಗಿ ಓದಲಿ. ಚೀನೀ ಶಾಲೆಗಳಲ್ಲಿ ಬೆಳಿಗ್ಗೆ ಗಟ್ಟಿಯಾಗಿ ಓದುವ ಅವಧಿ ಇರುತ್ತದೆ. ಇಡೀ ತರಗತಿ ಒಟ್ಟಿಗೆ ಬಾಯಿಪಾಠ ಮಾಡುವ ಹೊತ್ತು ಅದು. ಈ ಐದು ವಾಕ್ಯಕ್ಕೆ ಅದೇ ಹೊತ್ತು ಸಾಕು. ಬೇರೆ ಸಮಯ ಹುಡುಕುವ ಗೋಜಿಲ್ಲ.

ವ್ಯಾಕರಣದ ಹೆಸರು ಹೇಳಿಸಬೇಡಿ. ಅದು ಯಾವ ಉಪವಾಕ್ಯ, ಯಾವ ಕೃದಂತ ಎಂದು ಅವನು ನಿಮಗಿಂತ ಚೆನ್ನಾಗಿ ಹೇಳಬಲ್ಲ. ಶಾಲೆಯಲ್ಲಿ ಅದನ್ನು ಬೇಕಾದಷ್ಟು ಮಾಡಿಸುತ್ತಾರೆ. ಹೆಸರು ಗೊತ್ತಿದ್ದೂ ಓದುವಾಗ ಅದು ಕೈಗೆ ಬಾರದೇ ಇರುವುದೇ ತಾಪತ್ರಯ.

ಇನ್ನು ಪದದ ವಿಷಯ, ಅದರ ಜೊತೆಗೇ ನಿಮ್ಮ ದಿನಪತ್ರಿಕೆಯ ಯೋಚನೆ. ಚೀನಾದ ಪಠ್ಯಕ್ರಮದಲ್ಲಿ ಒಂಬತ್ತನೇ ತರಗತಿ ಮುಗಿಯುವಾಗ ಸುಮಾರು 1,600 ಇಂಗ್ಲಿಷ್ ಪದ, ಸೀನಿಯರ್ ಹೈಸ್ಕೂಲ್ ಪಟ್ಟಿಯಲ್ಲಿ ಒಟ್ಟು ಸುಮಾರು 3,000 ಪದ. ಓದುವಿಕೆಯ ಬಗ್ಗೆ ನಡೆದ ಸಂಶೋಧನೆಗಳ ಪ್ರಕಾರ, ಯಾರ ನೆರವಿಲ್ಲದೆ ಆರಾಮವಾಗಿ ಓದಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದು ಮಾತ್ರ ಹೊಸದು. ದೊಡ್ಡವರ ಪತ್ರಿಕೆ, ಕಾದಂಬರಿಗಳಲ್ಲಿ ಆ ಮಟ್ಟ ಮುಟ್ಟಲು ಎಂಟು ಒಂಬತ್ತು ಸಾವಿರ ಪದಕುಟುಂಬಗಳು ಬೇಕು. ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ. ಹುಡುಗನ ಪದಸಂಪತ್ತು ಅದರ ಅರ್ಧಕ್ಕೂ ಬಂದಿಲ್ಲ. ದಿನಪತ್ರಿಕೆ ಕೊಟ್ಟರೆ ಅವನು ಓದುವುದಿಲ್ಲ, ನಿಘಂಟು ತಿರುವುತ್ತಾನೆ. ಒಂದು ವಾರ ಮರ್ಯಾದೆಗೆ ಮಾಡಿ ಬಿಟ್ಟುಬಿಡುತ್ತಾನೆ.

ಪರೀಕ್ಷೆ ತಯಾರಿಸುವವರಿಗೂ ಇದು ಗೊತ್ತು. ಪಟ್ಟಿಯ ಹೊರಗಿನ ತೀರಾ ಕಷ್ಟದ ಪದ ಬಂದರೆ ಪಕ್ಕದಲ್ಲಿ ಚೀನೀ ಅರ್ಥ ಕೊಟ್ಟಿರುತ್ತಾರೆ. ಹಾಗಾಗಿ ಗಾವೊಕಾವೊದಲ್ಲಿ ಮಕ್ಕಳನ್ನು ಬೀಳಿಸುವುದು ಅಪರೂಪದ ಪದಕ್ಕಿಂತ ದಿನನಿತ್ಯದ ಪದ. ‘ಅಡ್ರೆಸ್’ ಅಂದರೆ ವಿಳಾಸ ಎಂದು ಮೊದಲೇ ಕಲಿತಿರುತ್ತಾರೆ. ‘ಅಡ್ರೆಸ್ ಎ ಪ್ರಾಬ್ಲಮ್’ ಎಂದು ಬಂದಾಗ ತಲೆಗೆ ವಿಳಾಸವೇ ಬರುತ್ತದೆ. ‘ಕವರ್’ ಮುಚ್ಚುವುದು ಮಾತ್ರವಲ್ಲ, ಸುದ್ದಿ ವರದಿ ಮಾಡುವುದೂ ಹೌದು, ದೂರ ಕ್ರಮಿಸುವುದೂ ಹೌದು. ‘ವೈಲ್’ ಹೊತ್ತನ್ನೂ ಹೇಳುತ್ತದೆ, ಎದುರುಬದಿರನ್ನೂ ಹೇಳುತ್ತದೆ. ಪದಪಟ್ಟಿಯ ಆ್ಯಪ್‌ಗಳು ಒಂದು ಇಂಗ್ಲಿಷ್ ಪದಕ್ಕೆ ಒಂದು ಚೀನೀ ಪದ ಎಂದು ಕಲಿಸಿ, ಕೆಳಗೆ ದಿನದ ಲೆಕ್ಕ ತೋರಿಸುತ್ತವೆ. ಲೆಕ್ಕ ಏರುವುದು ನೋಡಲು ಚೆನ್ನಾಗಿರುತ್ತದೆ. ಹುಡುಗ ಪಟಪಟ ಹೇಳುವುದು ಈ ಬಗೆಯ ಪದಜ್ಞಾನ ಇರಬಹುದು. ಪರೀಕ್ಷಿಸಿ ನೋಡಿ. ಪದ ಕೇಳಬೇಡಿ, ಅವನ ಹಳೆಯ ಪತ್ರಿಕೆಯ ವಾಕ್ಯ ಓದಿ, ಇಲ್ಲಿ ಈ ಪದ ಏನು ಹೇಳುತ್ತಿದೆ ಎಂದು ಕೇಳಿ.

ದಿನಪತ್ರಿಕೆ ಬೇಡ ಎಂದ ಮಾತ್ರಕ್ಕೆ ಹೊರಗಿನ ಓದು ಬೇಡ ಎಂದಲ್ಲ. ಅದು ಬೇಕೇ ಬೇಕು. ಸರ್ಕಾರದ ಪಠ್ಯಕ್ರಮವೇ ಒಂಬತ್ತನೇ ತರಗತಿಯ ಹೊತ್ತಿಗೆ ಪಠ್ಯದ ಹೊರಗೆ 1,50,000 ಪದಗಳಷ್ಟು ಓದಿರಬೇಕು ಎನ್ನುತ್ತದೆ. ಕೇಳಲು ದೊಡ್ಡದು. ನಿಮಿಷಕ್ಕೆ ನೂರು ಪದದಂತೆ ದಿನಕ್ಕೆ ಕಾಲು ಗಂಟೆ ಓದಿದರೆ 1,500 ಪದ. ನೂರು ದಿನಕ್ಕೆ ಅಷ್ಟೂ ಆಗುತ್ತದೆ. ಓದುವುದು ಸುಲಭದ್ದಾಗಿರಲಿ. ಪದಗಳ ಸಂಖ್ಯೆಗೆ ತಕ್ಕಂತೆ ಮಟ್ಟ ಮಾಡಿದ ಕಥೆಪುಸ್ತಕಗಳು ಚೀನಾದ ಪುಸ್ತಕದಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅವನಿಗೆ ಸುಲಭ ಅನ್ನಿಸುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದ್ದನ್ನೇ ಆರಿಸಿ. ಒಂದು ಪುಟ ಇಂಗ್ಲಿಷ್, ಎದುರು ಪುಟ ಚೀನೀ ಇರುವ ಮುದ್ರಣಗಳೂ ಇವೆ. ಅವನ್ನು ಕೊಟ್ಟರೆ ಚೀನೀ ಪುಟದ ಮೇಲೆ ಕಾಗದ ಕ್ಲಿಪ್ ಮಾಡಿ. ಕಣ್ಣು ಅತ್ತ ಜಾರದೆ ಇರುವುದಿಲ್ಲ. ಸುದ್ದಿಯೇ ಬೇಕು ಎಂದರೆ ಚೈನಾ ಡೈಲಿ ಬಳಗ ಶಾಲಾ ಮಕ್ಕಳಿಗೆಂದೇ ತರಗತಿವಾರು ತರುವ ವಾರಪತ್ರಿಕೆ ನೋಡಿ. ಹೆಚ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಫೋನ್ ಒಳಗೆ ಬಿಡುವುದಿಲ್ಲ, ಆದ್ದರಿಂದ ಕಾಗದದ್ದೇ ಒಳ್ಳೆಯದು. ಈ ಓದಿಗೆ ಪ್ರಶ್ನೆ ಕೇಳಬೇಡಿ, ಅಂಕ ಕೊಡಬೇಡಿ. ಕಥೆ ಹೇಗಿತ್ತು ಎಂದು ಕೇಳಿದರೆ ಸಾಕು.

ಈಗ ಆಯ್ಕೆಗಳ ವಿಷಯ. ನಾಲ್ಕು ಉತ್ತರಗಳಲ್ಲಿ ಮೂರು ತಪ್ಪು. ಆ ಮೂರನ್ನು ಯಾರೋ ಯೋಚನೆ ಮಾಡಿ ಬರೆದಿದ್ದಾರೆ. ಚೀನೀ ಶಿಕ್ಷಕರು ಈ ತಪ್ಪು ಉತ್ತರಗಳ ಬಗೆಗಳಿಗೆ ಹಳೆಯ ನಾಲ್ಕಕ್ಷರದ ನುಡಿಗಟ್ಟುಗಳನ್ನೇ ಹೆಸರಾಗಿ ಇಟ್ಟಿದ್ದಾರೆ. ಝಾಂಗ್‌ನ ಟೋಪಿಯನ್ನು ಲಿ ತಲೆಗೆ ಹಾಕುವುದು, ಅಂದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಹೆಸರಿಗೆ ಹಚ್ಚುವುದು. ಇಲ್ಲದ್ದನ್ನು ಹುಟ್ಟಿಸುವುದು. ಭಾಗವನ್ನೇ ಇಡಿಯೆಂದು ತೋರಿಸುವುದು. ಹುಡುಗನಿಗೆ ಈ ಹೆಸರುಗಳು ಗೊತ್ತಿರುತ್ತವೆ, ಕೇಳಿ ನೋಡಿ.

ಒಂದು ಸಣ್ಣ ಉದಾಹರಣೆ ಕಟ್ಟುತ್ತೇನೆ. ಒಂದು ಊರಿನ ಗ್ರಂಥಾಲಯ ಪುಸ್ತಕದ ಜೊತೆಗೆ ಏಣಿ, ಡ್ರಿಲ್ ಇವನ್ನೂ ಎರವಲು ಕೊಡಲು ಶುರು ಮಾಡಿತು. ಮೊದಲ ತಿಂಗಳು ಅವನ್ನು ಕೇಳಿ ಯಾರೂ ಬರಲಿಲ್ಲ. ಗ್ರಂಥಪಾಲಕಿ ಏಣಿಯನ್ನು ತಂದು ಬಾಗಿಲ ಬಳಿ ನಿಲ್ಲಿಸಿದಳು. ಆಮೇಲೆ ಜನ ಬರತೊಡಗಿದರು. ಏಣಿ ಒಯ್ಯಲು ಬಂದವರಲ್ಲಿ ಕೆಲವರು ಪುಸ್ತಕವನ್ನೂ ಒಯ್ದರು. ಪ್ರಶ್ನೆ: ಇದರಿಂದ ಏನು ತಿಳಿಯುತ್ತದೆ? ಒಂದನೇ ಆಯ್ಕೆ: ಓದುಗರು ಏಣಿಯನ್ನು ಬಾಗಿಲ ಬಳಿ ಇಟ್ಟರು. ಇದು ಟೋಪಿ ಬದಲಾಯಿಸಿದ್ದು. ಎರಡನೆಯದು: ಏಣಿ ಒಯ್ದವರೆಲ್ಲ ಪುಸ್ತಕವನ್ನೂ ಒಯ್ದರು. ಕೆಲವರು ಎಂಬುದು ಎಲ್ಲರೂ ಎಂದಾಯಿತು. ಮೂರನೆಯದು: ಡ್ರಿಲ್ ಬಾಡಿಗೆ ಜಾಸ್ತಿ ಇತ್ತು. ಬಾಡಿಗೆಯ ಮಾತೇ ಇಲ್ಲ. ನಾಲ್ಕನೆಯದು: ಇಂಥ ಸಾಮಾನು ಅಲ್ಲಿ ಸಿಗುತ್ತದೆ ಎಂದು ಜನಕ್ಕೆ ಮೊದಲು ಗೊತ್ತಿರಲಿಲ್ಲ. ಈ ಸಾಲು ಗದ್ಯದಲ್ಲಿ ಎಲ್ಲೂ ಇಲ್ಲ, ಆದರೂ ಇದೇ ಸರಿ. ಏಣಿ ಕಣ್ಣಿಗೆ ಬಿದ್ದ ಮೇಲೆಯೇ ಜನ ಬಂದರು ಎಂಬುದರಿಂದ ಅದು ಹೊರಡುತ್ತದೆ.

ಗಮನಿಸಿ, ತಪ್ಪು ಆಯ್ಕೆಗಳಲ್ಲಿ ಎರಡು ಗದ್ಯದ ಪದಗಳನ್ನೇ ಎತ್ತಿಕೊಂಡಿವೆ. ಸರಿಯಾದದ್ದು ಬೇರೆ ಮಾತಿನಲ್ಲಿದೆ. ಅವಸರದ ಹುಡುಗ ಪರಿಚಿತ ಪದ ಕಂಡ ಕಡೆ ಗುರುತು ಹಾಕುತ್ತಾನೆ. ಹಾಗೆಂದು ‘ಗದ್ಯದ ಪದ ಇದ್ದರೆ ತಪ್ಪು’ ಎಂಬ ಸೂತ್ರ ಹೇಳಿಕೊಡಬೇಡಿ. ಎ ಭಾಗದಲ್ಲಿ ಅದೇ ಸೂತ್ರ ಕಾಲು ಎಳೆಯುತ್ತದೆ. ಇಂಥ ಸೂತ್ರಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಅದರ ಬದಲು ಹುಡುಗನಿಂದಲೇ ತಪ್ಪು ಆಯ್ಕೆ ಬರೆಸಿ. ವಾರಕ್ಕೊಂದು ಪ್ಯಾರಾ ಕೊಡಿ. ಒಂದು ಸರಿ ಉತ್ತರ, ಮೂರು ತಪ್ಪು ಉತ್ತರ, ಮೂರೂ ಬೇರೆ ಬೇರೆ ಬಗೆಯವು. ನೀವು ಉತ್ತರಿಸಿ. ಆಯಿ ಸೋತರೆ ಅವನಿಗೆ ಖುಷಿ. ಈ ಆಟ ಆಡಿದ ಮಕ್ಕಳು ಆಯ್ಕೆಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ. ನಾನು ಶಿಕ್ಷಕರಿಗೆ ಹೇಳುವ ಎಲ್ಲಾ ಅಭ್ಯಾಸಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳುತ್ತೇನೆ.

ಏಳರಲ್ಲಿ ಐದರ ಭಾಗ ಬೇರೆ ಜಾತಿಯದು. ಐದು ಖಾಲಿ ಜಾಗ, ಏಳು ವಾಕ್ಯ, ಎರಡು ಮಿಗುತ್ತವೆ. ಒಂದನ್ನು ತಪ್ಪು ಜಾಗದಲ್ಲಿ ಇಟ್ಟರೆ ಅದರ ಸರಿಯಾದ ಜಾಗವೂ ಹಾಳು. ಆದ್ದರಿಂದ ಕ್ರಮವಾಗಿ ತುಂಬುವ ಅಭ್ಯಾಸ ಬಿಡಿಸಿ. ಖಚಿತವಾದದ್ದು ಮೊದಲು. ಖಾಲಿ ಜಾಗದ ಮುಂದಿನ ವಾಕ್ಯ ‘ದಿಸ್’ ಎಂದೋ ‘ದೀಸ್ ಟೂಲ್ಸ್’ ಎಂದೋ ಶುರುವಾದರೆ ಖಾಲಿ ಜಾಗದಲ್ಲಿ ಅದರ ಹೆಸರು ಬಂದಿರಲೇಬೇಕು. ‘ಹೌಎವರ್’ ಇದ್ದರೆ ಹಿಂದಿನ ಮಾತು ಅದಕ್ಕೆ ಎದುರಾಗಿರಬೇಕು. ಪ್ಯಾರಾದ ಮೊದಲ ಜಾಗವೇ ಖಾಲಿ ಎಂದರೆ ಇಡೀ ಪ್ಯಾರಾವನ್ನು ಹೊರುವ ವಾಕ್ಯ ಬೇಕು. ಅಭ್ಯಾಸಕ್ಕೆ ಹಳೆಯ ಗದ್ಯಭಾಗದ ಒಂದು ಪ್ಯಾರಾ ಜೆರಾಕ್ಸ್ ಮಾಡಿಸಿ, ವಾಕ್ಯ ವಾಕ್ಯವಾಗಿ ಕತ್ತರಿಸಿ, ಕಲಸಿ ಕೊಡಿ. ಮತ್ತೆ ಜೋಡಿಸಲಿ. ಯಾಕೆ ಹಾಗೆ ಜೋಡಿಸಿದೆ ಎಂದು ಪ್ರತಿ ವಾಕ್ಯಕ್ಕೂ ಕೇಳಿ.

ಬರವಣಿಗೆಯ ಭಾಗಕ್ಕೂ ಇದಕ್ಕೂ ನಂಟಿದೆ. ಅರ್ಧ ಕಥೆ ಕೊಟ್ಟು ಮುಂದಿನ ಎರಡು ಪ್ಯಾರಾ ಬರೆಯಿರಿ ಎಂಬ 25 ಅಂಕದ ಪ್ರಶ್ನೆ ನಿಮ್ಮ ಝೆಜಿಯಾಂಗ್‌ನಲ್ಲೇ 2016ರಲ್ಲಿ ಮೊದಲು ಬಂದದ್ದು. ಆಮೇಲೆ ಬೇರೆ ಪ್ರಾಂತ್ಯಗಳಿಗೂ ಹೋಯಿತು. ಕೊಟ್ಟ ಕಥೆಯನ್ನು ಸರಿಯಾಗಿ ಓದದವನು ಅದನ್ನು ಬರೆಯಲಾರ. ಮಕ್ಕಳು ಬಾಯಿಪಾಠ ಮಾಡಿದ ಅಲಂಕಾರದ ಸಾಲುಗಳನ್ನು ತಂದು ತುರುಕುತ್ತಾರೆ. ಕಥೆಯಲ್ಲಿ ನಾಯಿ ಕಳೆದಿರುತ್ತದೆ, ಇವರು ಸೂರ್ಯಾಸ್ತ ವರ್ಣಿಸುತ್ತಿರುತ್ತಾರೆ. ಇರಲಿ, ಅದು ಬೇರೆಯೇ ಪ್ರಶ್ನೆ.

ಗಡಿಯಾರದ ಬಗ್ಗೆ ಎರಡು ಮಾತು. ಮೊದಲ ಎರಡು ತಿಂಗಳು ಗಡಿಯಾರ ಪೂರ್ತಿ ದೂರ ಇಡಿ. ಆಮೇಲೆ ಐದೂ ಭಾಗಗಳಿಗೆ ಸೇರಿ 35 ನಿಮಿಷದ ಗುರಿ ಇಟ್ಟುಕೊಳ್ಳಿ, ಯಾಕೆಂದರೆ ಕೇಳುವ ಭಾಗಕ್ಕೆ ಸುಮಾರು 20 ನಿಮಿಷ ಹೋಗುತ್ತದೆ, ಬರವಣಿಗೆಗೆ 40 ನಿಮಿಷವಾದರೂ ಬೇಕು. ಝೆಜಿಯಾಂಗ್‌ನಲ್ಲಿ ಇಂಗ್ಲಿಷ್‌ಗೆ ಎರಡು ಅವಕಾಶ, ಜನವರಿಯಲ್ಲಿ ಒಂದು, ಜೂನ್‌ನಲ್ಲಿ ಒಂದು. ಜಾಸ್ತಿ ಬಂದ ಅಂಕ ಲೆಕ್ಕಕ್ಕೆ. ನಮ್ಮ ಎಸ್ಎಸ್ಎಲ್‌ಸಿಯಲ್ಲಿ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವ ಹಾಗೆಯೇ. ಅಂದರೆ ಅವನ ಮೊದಲ ಪರೀಕ್ಷೆ ಬರುವ ಜನವರಿಗೆ. ಮೂರನೇ ವರ್ಷ ಶುರುವಾದ ಮೇಲೆ ಶಾಲೆ ಪೂರ್ತಿ ಪುನರಾವರ್ತನೆಯಲ್ಲಿ ಮುಳುಗುತ್ತದೆ. ಮೊದಲ ಸುತ್ತು, ಎರಡನೇ ಸುತ್ತು, ಅಣಕು ಪರೀಕ್ಷೆ, ರಾತ್ರಿಯವರೆಗೆ ಸ್ವಂತ ಓದಿನ ಅವಧಿ. ಆಗ ಐದು ವಾಕ್ಯಕ್ಕೂ ಪುರುಸೊತ್ತು ಸಿಗುವುದು ಕಷ್ಟ. ಈ ಸೆಮಿಸ್ಟರ್ ಮತ್ತು ಬೇಸಿಗೆ ರಜೆಯೇ ನಿಮಗಿರುವ ಕಾಲ.

ಅವನ ಶಾಲೆಯ ಮೇಷ್ಟ್ರಿಗೆ ಎದುರಾಗಿ ಏನೂ ಮಾಡಿಸಬೇಡಿ. ಚೀನೀ ಮಕ್ಕಳು ತಪ್ಪುಗಳ ಪುಸ್ತಕ ಎಂದು ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ತಪ್ಪಾದ ಪ್ರಶ್ನೆಯನ್ನು ಅಂಟಿಸಿ, ಕೆಂಪು ಶಾಯಿಯಲ್ಲಿ ಸರಿ ಉತ್ತರ ಬರೆಯುವುದು ವಾಡಿಕೆ. ನೋಡಲು ತುಂಬಾ ಅಚ್ಚುಕಟ್ಟು, ಉಪಯೋಗ ಅಷ್ಟಕ್ಕಷ್ಟೇ. ಅದೇ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ: ಯಾಕೆ ತಪ್ಪಿದೆ. ಪದವೋ, ವಾಕ್ಯವೋ, ಆಯ್ಕೆಯೋ, ಅವಸರವೋ. ತಿಂಗಳ ಕೊನೆಗೆ ಯಾವುದು ಜಾಸ್ತಿ ಎಂದು ಎಣಿಸಿ, ಮುಂದಿನ ತಿಂಗಳು ಅದರ ಮೇಲೆ ಕೂರಿ. ತಾಯಿಗೂ ಒಂದು ಮಾತು ಮೊದಲೇ ಹೇಳಿಡಿ. ಶಾಲೆಯ ತಿಂಗಳ ಪರೀಕ್ಷೆಯಲ್ಲಿ ಮೊದಲು ಅಂಕ ಸ್ವಲ್ಪ ಇಳಿಯಬಹುದು. ಊಹೆಯಲ್ಲಿ ಓಡುತ್ತಿದ್ದ ಹುಡುಗ ಈಗ ನಿಂತು ನೋಡುತ್ತಾನೆ, ಹೊತ್ತು ಸಾಲುವುದಿಲ್ಲ. ಅದಕ್ಕೆ ಹೆದರಿ ಹೊಸ ಅಭ್ಯಾಸ ಪುಸ್ತಕ ತರಿಸಿಬಿಟ್ಟಾರು.

ದುಡ್ಡು ತೆಗೆದುಕೊಳ್ಳದೇ ಇರುವುದು ಒಳ್ಳೆಯದಾಯಿತು. ಶಾಲಾ ವಿಷಯಗಳ ಖಾಸಗಿ ಟ್ಯೂಷನ್ ಮೇಲೆ ಚೀನಾದಲ್ಲಿ 2021ರ ಜುಲೈನಿಂದ ಬಿಗಿ ನಿಯಮಗಳಿವೆ, ವಿದೇಶಿಯರಿಗೆ ಕೆಲಸದ ಪರವಾನಗಿಯ ಮಾತು ಬೇರೆ. ಮಾತಿಗೆ ಮಾತು ಎಂಬ ನಿಮ್ಮ ಏರ್ಪಾಡು ಹಾಗೇ ಇರಲಿ.

ಕೊನೆಯ ಪ್ರಶ್ನೆ, ಯಾವ ಭಾಷೆಯಲ್ಲಿ ವಿವರಿಸಬೇಕು ಎಂಬುದು. ಚೀನೀಯಲ್ಲೇ ವಿವರಿಸಲಿ. ಇಂಗ್ಲಿಷ್‌ನಲ್ಲೇ ಹೇಳು ಎಂದರೆ ಗದ್ಯದ ಪದಗಳನ್ನೇ ಹಿಂದುಮುಂದು ಮಾಡಿ ಒಪ್ಪಿಸುತ್ತಾನೆ, ಅರ್ಥವಾಗಿದೆಯೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ತನ್ನ ಭಾಷೆಯಲ್ಲಿ ಹೇಳುವಾಗ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ನಿಮ್ಮ ಚೀನೀ ಇನ್ನೂ ಅಷ್ಟಿಲ್ಲದಿದ್ದರೆ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನು ಹೇಳಿದ್ದನ್ನು ಅವರು ನಿಮಗೆ ಸುಲಭದ ಮಾತಿನಲ್ಲಿ ತಿಳಿಸಲಿ. ನಿಮ್ಮ ಆ ವಾರದ ಚೀನೀ ಪಾಠವೂ ಅದರಲ್ಲೇ ಆಗುತ್ತದೆ.